ಡೇರೆಯಲ್ಲಿ ಶುರುವಾದ ವಿಶ್ವವಿದ್ಯಾಲಯ

ಸ್ಲೈಗೋ, ಐರ್ಲೆಂಡ್, ೧೪ ನವೆಂಬರ್ ೨೦೨೫, ಶುಕ್ರವಾರ

ಇವತ್ತು ಒಬ್ಬ ಹುಡುಗಿಯನ್ನು ಪಾಸು ಮಾಡಿದೆ. ಸಂತೋಷವಾಗಬೇಕಿತ್ತು, ಏನೂ ಆಗಲಿಲ್ಲ.

ನಮ್ಮ ಆಸ್ಪತ್ರೆಯ ಡಾಕ್ಟರ್ ಹನಾನ್ ಗಾಜಾದವರು. ಅವರು ಓದಿದ ವಿಶ್ವವಿದ್ಯಾಲಯವನ್ನು ಅವರಪ್ಪ ಮತ್ತು ಐದಾರು ಮೇಷ್ಟ್ರುಗಳು ಸೇರಿ ಡೇರೆಗಳಲ್ಲಿ ಶುರು ಮಾಡಿದ್ದರಂತೆ. ಆಮೇಲೆ ತಗಡಿನ ಕೋಣೆಗಳು ಬಂದವು, ಕಟ್ಟಡ ಬಂತು, ಮೆಡಿಕಲ್ ಕಾಲೇಜೂ ಬಂತು. ಯುದ್ಧದಲ್ಲಿ ಎಲ್ಲ ನೆಲಸಮವಾಯಿತು. ಈಗ ಪಾಠ, ಪರೀಕ್ಷೆ ಎಲ್ಲ ಫೋನಿನಲ್ಲೇ. ಮೌಖಿಕ ಪರೀಕ್ಷೆಗೆ ಹೊರಗಿನ ಡಾಕ್ಟರೊಬ್ಬರು ಬೇಕೆಂದು ಹನಾನ್ ನನ್ನನ್ನೂ ತಮ್ಮ ಲ್ಯಾಪ್‌ಟಾಪ್ ಮುಂದೆ ಕೂರಿಸಿಕೊಂಡರು.

ಹುಡುಗಿಯ ಹೆಸರು ರೀಮ್. ಗಾಜಾದ ಡೇರೆಯೊಂದರಲ್ಲಿ ಕೂತಿದ್ದಳು, ಹಿಂದೆಲ್ಲೋ ಮಗು ಅಳುತ್ತಿತ್ತು. ತುಂಬಾ ರಕ್ತ ಹೋದ ರೋಗಿಗೆ ಮೊದಲು ಏನು ಮಾಡುತ್ತೀಯ ಎಂದು ಕೇಳಿದೆ. ಪುಸ್ತಕದಲ್ಲಿದ್ದಂತೆ ಸರಿಯಾಗಿ ಹೇಳಿದಳು. ಆಮೇಲೆ, "ಮೇಡಂ, ಕೊಡೋಕೆ ರಕ್ತಾನೇ ಇಲ್ಲದಿದ್ರೆ ಏನ್ ಮಾಡ್ತೀವಿ ಅಂತಾನೂ ಹೇಳ್ಲಾ?" ಅಂದಳು.

"ಸಾಕಮ್ಮ, ಪಾಸಾದೆ" ಎಂದೆ.

"ಅಪ್ಪನ ಮೊದಲನೇ ಬ್ಯಾಚೂ ಡೇರೇಲೇ ಪರೀಕ್ಷೆ ಬರೆದಿದ್ದು," ಎಂದು ಹನಾನ್ ಲ್ಯಾಪ್‌ಟಾಪ್ ಮುಚ್ಚಿದರು. ಅವರು ಅಳಲಿಲ್ಲ. ನಾನೂ ಅಳಲಿಲ್ಲ.

ವಾರ್ಡಿಗೆ ಹೋಗಿ ಒಬ್ಬ ಅಜ್ಜನಿಗೆ ಎರಡು ಚೀಲ ರಕ್ತ ಕೊಡಲು ಬರೆದೆ. ಕೇಳಿದ ಕೂಡಲೇ ಬಂತು. ಆ ಚೀಲಗಳನ್ನು ನೋಡುತ್ತಾ ಸುಮಾರು ಹೊತ್ತು ನಿಂತಿದ್ದೆನಂತೆ, ನರ್ಸ್ ಹೇಳಿದಳು.

ಮನೆಯಲ್ಲಿ ಮಗಳು ಬಾನು, "ಮಮ್, ಆರ್ ಯೂ ಆಲ್‌ರೈಟ್?" ಅಂದಳು.

"ಗ್ರ್ಯಾಂಡ್" ಅಂದೆ, ಇಲ್ಲಿಯವರು ಚೆನ್ನಾಗಿದ್ದೀನಿ ಅನ್ನೋಕೆ ಹೇಳುವ ಹಾಗೆ.

ಅನ್ನ ತಳ ಹಿಡಿದಿತ್ತು. ಹಾಗೇ ತಿಂದೆವು. ರುಚಿ ಹೇಗಿತ್ತೋ ನೆನಪಿಲ್ಲ.