ಹೂವಿಗೆ ಮೂರು ದಿನ

ಮಾರ್ಚ್ 5
ಬೆಳಿಗ್ಗೆ ಇಪ್ಪತ್ತೆರಡು ಸೀನು. ಎಣಿಸಿದ್ದು ವಿಘ್ನೇಶ್, ಹಲ್ಲುಜ್ಜುತ್ತಾ. "ಮಾರಾಯ್ತಿ, ಈಗಿಂದು ಆ ಜಾವಳಿ ಊರಿಗೂ ಕೇಳಿರ್ತದೆ" ಅಂದರು. ಗಂಡ ಅಂತ ಬಿಟ್ಟೆ. ಪಕ್ಕದ ದಾಮೋದರಯ್ಯನವರ ತೋಟದಲ್ಲಿ ಸ್ಪ್ರಿಂಕ್ಲರ್ ಬಿಟ್ಟು ಇವತ್ತಿಗೆ ಒಂಬತ್ತು ದಿನ. ಕಾಫಿ ಹೂ ಬಿಟ್ಟಿದೆ. ಊರಿಗೆಲ್ಲ ಘಮಘಮ, ನನಗೆ ಮೂಗು ಬಂದ್.

ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನನ್ನ ಕೆಲಸವೇ ಮೂಗಿನದು. ಬಂದ ಪ್ರತಿ ಲಾಟಿನ ಕಾಫಿ ಹುರಿದು, ಬಿಸಿನೀರು ಹಾಕಿ, ಮೂಸಿ, ಚಮಚದಲ್ಲಿ ಸೊರ್ ಎಂದು ಎಳೆದು, ಉಗಿಯುವುದು. ಮುಗ್ಗು ವಾಸನೆ ಬಂದರೆ ಲಾಟು ವಾಪಸ್. ಹಿರಿಯ ಟೇಸ್ಟರ್ ಮಲ್ಲಿಕಾರ್ಜುನಪ್ಪನವರು ತಿಂಗಳ ಕೊನೆಗೆ ರಿಟೈರ್. ಅವರ ಜಾಗ ನನಗೆ ಅಂತ ಮಾತಾಗಿದೆ. ಈಗ ಮೂಗು ಕೈಕೊಟ್ಟರೆ...

ಮಾರ್ಚ್ 6
ಮೆಡಿಕಲ್ಸ್‌ನ ಅಭಿಷೇಕ್ ಮೂಗಿನ ಡ್ರಾಪ್ಸ್ ಕೊಟ್ಟ. "ಅಕ್ಕಾ, ಮೂರು ದಿನ ಅಷ್ಟೇ. ಆಮೇಲೆ ಹಾಕ್ಬೇಡಿ." ಎರಡು ಹನಿ. ಐದೇ ನಿಮಿಷ — ತೆರೆಯಿತು. ಅಲರ್ಜಿ ಮಾತ್ರೆ ಬೇಡ, ಕಾಫಿ ರುಚಿ ನೋಡುವ ಕಪ್ಪಿಂಗ್ ಟೇಬಲ್ ಮುಂದೆ ತೂಕಡಿಕೆ ಬರುತ್ತದೆ.

ಮಾರ್ಚ್ 9
ದಾಮೋದರಯ್ಯನವರ ಹೂ ಬಾಡಿತು. ಅದರ ಡ್ರಾಪ್ಸಿನ ಮೂರು ದಿನವೂ ಮುಗಿಯಿತು. ಇವತ್ತು ರಸ್ತೆ ಕೆಳಗಿನ ಎಸ್ಟೇಟಿನ ಹೂ. ಇದು ಬೇರೆ ಹೂ, ಬೇರೆ ಮೂರು ದಿನ. ಯಾರ ತೋಟಕ್ಕೆ ಯಾವತ್ತು ನೀರು ಬಿಟ್ಟರು ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಒಂಬತ್ತು ಸೇರಿಸಿದರೆ ಹೂವಿನ ದಿನ. ಅವತ್ತಿನಿಂದ ಡ್ರಾಪ್ಸ್.

ಮಾರ್ಚ್ 13, ಮಧ್ಯಾಹ್ನ
ಎರಡು ಹನಿ ಸಾಲುತ್ತಿಲ್ಲ. ನಾಲ್ಕು. ಊಟದ ಹೊತ್ತಿಗೆ ಮತ್ತೆ ಕಟ್ಟುತ್ತದೆ. ಟಾಯ್ಲೆಟ್ಟಿಗೆ ಹೋಗಿ ಕದ್ದು ಹಾಕಿಕೊಂಡು ಬರುತ್ತೇನೆ. ಇವತ್ತು ಒಂದು ಲಾಟು... ಏನೂ ಗೊತ್ತಾಗಲಿಲ್ಲ. ಬಿಸಿ, ಹುಳಿ, ಅಷ್ಟೇ. "ಹೇಗಿದೆ?" ಅಂದರು ಮಲ್ಲಿಕಾರ್ಜುನಪ್ಪನವರು. "ಕ್ಲೀನ್ ಇದೆ ಸಾರ್" ಅಂದೆ. ಅವರೂ ಎಳೆದು ನೋಡಿ ಪಾಸ್ ಬರೆದರು. ಅವರಿಗೂ ಕ್ಲೀನ್ ಅನಿಸಿದ ಮೇಲೆ ಸರಿಯೇ ಇರಬೇಕು.

ಮಾರ್ಚ್ 22
ಬರೆಯಲಾಗಲಿಲ್ಲ. ಮೂರನೇ ಬಾಟಲಿ. ಎಲ್ಲ ತೋಟದ ಹೂವೂ ಕಂದು ಬಣ್ಣಕ್ಕೆ ತಿರುಗಿ ಉದುರಿದೆ. ಮೂಗು ಮಾತ್ರ ಸಿಮೆಂಟ್ ಮೆತ್ತಿದ ಹಾಗೆ. ಹೂವಿಲ್ಲದೆ ಯಾಕೆ? ಒಗ್ಗರಣೆ ಸೀದದ್ದು ವಿಘ್ನೇಶ್ ಓಡಿ ಬಂದಮೇಲೆ ಗೊತ್ತಾಯಿತು. ಅವರು ತಮಾಷೆ ಮಾಡಲಿಲ್ಲ. "ನಾಳೆ ಚಿಕ್ಕಮಗಳೂರಿಗೆ ಹೋಗುವ. ರಜೆ ಹಾಕ್ತೇನೆ" ಅಂದರು. ಅದಕ್ಕೇ ಭಯವಾಯಿತು.

ಮಾರ್ಚ್ 23
ಡಾಕ್ಟರಮ್ಮ ಮೂಗಿನೊಳಗೆ ಲೈಟ್ ಬಿಟ್ಟು ನೋಡಿದರು.
"ಡ್ರಾಪ್ಸ್ ಎಷ್ಟು ದಿನ ಹಾಕಿದ್ರಿ?"
"ಮೂರು ದಿನ ಮೇಡಂ. ಹೂವಿಗೆ ಮೂರು ದಿನ."
"ಎಷ್ಟು ಹೂವಿಗೆ?"
"ಐದು... ಆರು."
ವಿಘ್ನೇಶ್ ತಲೆ ಮೇಲೆ ಕೈಹೊತ್ತು ಕೂತರು. ಈಗ ಮೂಗು ಕಟ್ಟಿಸುತ್ತಿರುವುದೇ ಡ್ರಾಪ್ಸ್ ಅಂತೆ. ಇವತ್ತಿಂದ ನಿಲ್ಲಿಸಬೇಕು. ಬೇರೆ ಸ್ಪ್ರೇ ಕೊಟ್ಟಿದ್ದಾರೆ, ದಿನಾ ಉಪ್ಪುನೀರಲ್ಲಿ ಮೂಗು ತೊಳೆಯಬೇಕು. ವಾಸನೆ ಮರಳಲು ವಾರಗಳೇ ಹಿಡಿಯಬಹುದು. ನನಗಿರುವುದು ಎಂಟು ದಿನ. ನನ್ನ ಮೇಲೆ ನನಗೇ ಸಿಟ್ಟು.

ಮಾರ್ಚ್ 25, ಸಂಜೆ
ಹೇಳಿಬಿಟ್ಟೆ. ಕಪ್ಪಿಂಗ್ ರೂಮಿನ ಬಾಗಿಲು ಹಾಕಿ — "ಸಾರ್, ಹನ್ನೆರಡು ದಿನದಿಂದ ನಂಗೆ ವಾಸನೆ ಬರ್ತಿಲ್ಲ. ಸುಮ್ನೆ ಕ್ಲೀನ್ ಅಂತಿದ್ದೆ. ನೀವಿದ್ದೀರಲ್ಲ ಅಂತ ಧೈರ್ಯ."
ಬೈಯುತ್ತಾರೆ ಅಂದುಕೊಂಡೆ. ಚಮಚ ಒರೆಸಿ ಟೇಬಲ್ ಮೇಲಿಟ್ಟರು.
"ಎರಡು ವರ್ಷದ ಹಿಂದೆ ನಂಗೆ ಜ್ವರ ಬಂತಲ್ಲಮ್ಮ. ಆಗ ಹೋದ ವಾಸನೆ ಬರಲೇ ಇಲ್ಲ. ನೀನು ಹೇಳಿದ್ದನ್ನೇ ಬರೀತಿದ್ದೆ."

ಇಬ್ಬರೂ ಪುಸ್ತಕ ತೆಗೆದು ನೋಡಿದೆವು. 13ರಿಂದ ಪಾಸಾದದ್ದು ಇಪ್ಪತ್ತೊಂಬತ್ತು ಲಾಟು. ಯಾರೂ ಮೂಸದೇ. ನಾಳೆ ಒಂಬತ್ತಕ್ಕೆ ಅವು ಮಂಗಳೂರಿನ ಲಾರಿ ಹತ್ತುತ್ತವೆ. "ಮ್ಯಾನೇಜರಿಗೆ ಬೆಳಿಗ್ಗೆ ನಾನೇ ಹೇಳ್ತೇನೆ. ನಿನ್ನ ಹೆಸರು ಬೇಡ" ಅಂದರು. ನಾನು ಸರಿ ಅಂದೆ. ಯಾಕಂದೆ?

ಮಾರ್ಚ್ 26, ಬೆಳಿಗ್ಗೆ 6
ಮ್ಯಾನೇಜರ್ ಫೋನ್ ಎತ್ತುತ್ತಿಲ್ಲ. ಎರಡನೇ ಸಲ. ಸ್ಪೀಕರಿಗೆ ಹಾಕಿ ಬರೆಯುತ್ತಿದ್ದೇನೆ, ಕೈ ಸುಮ್ಮನಿರುವುದಿಲ್ಲ. ಸಾರ್ ಹೇಳುವ ಮೊದಲು ಹೇಳಬೇಕು. ಕೆಲಸ ಹೋದರೆ ಹೋಗಲಿ. ಮೊದಲು ನನ್ನ ಹೆಸರೇ. ಎತ್ತಿದರು —