ಪರೀಕ್ಷೆಗೆ ಮುಂಚೆ ಹೊಲಿದ ಬೆಲ್ಟು

ಹೊಲಿಗೆ ಅಂಗಡಿಯಿಂದ,
೧೪ನೇ ತಾರೀಕು, ಶುಕ್ರವಾರ

ಪ್ರೀತಿಯ ಅಪ್ಪಾ,

ಮೊಣಕಾಲಿನ ಊತ ಇಳಿಯಿತೇ? ಅಕ್ಕನ ಮನೆಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ. ನೀವು ಅವಳ ಮಾತು ಕೇಳುತ್ತಿಲ್ಲವೆಂದು ಆಗಲೇ ಫೋನಿನಲ್ಲಿ ದೂರು ಬಂದಿದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಆದರೆ ನಾನು ಚೆನ್ನಾಗಿಲ್ಲ. ಹೊಟ್ಟೆ ಉರಿಯುತ್ತಿದೆ, ಮಾತ್ರೆಗೆ ಹೋಗುವ ಉರಿಯಲ್ಲ.

ಬಟ್ಟೆ ಅಂಗಡಿಯ ಮಹಡಿಯ ಮೇಲೆ ಕರಾಟೆ ಶಾಲೆ ಇಟ್ಟ ಮೀಸೆ ಮಾಸ್ಟರು ನಿಮಗೆ ಗೊತ್ತಲ್ಲ. ಕಾಲುನೋವೆಂದು ನೀವು ನಮ್ಮ ಹಿತ್ತಲಿನ ಕರಾಟೆ ಪಾಠ ನಿಲ್ಲಿಸಿದ ಮೇಲೆ ನಿಮ್ಮ ಹುಡುಗರೆಲ್ಲ ಅಲ್ಲಿಗೇ ಸೇರಿಕೊಂಡರು. ಹೋದ ವಾರ ಆ ಮನುಷ್ಯ ಅಂಗಡಿಗೆ ಬಂದು, ನಲವತ್ತು ಕಪ್ಪು ಬೆಲ್ಟು ಹೊಲಿದು ಒಂದೊಂದರ ಮೇಲೂ ಹಳದಿ ದಾರದಲ್ಲಿ ಹೆಸರು ಹಾಕಿಕೊಡಬೇಕೆಂದು ಪಟ್ಟಿ ಕೊಟ್ಟ. ಪರೀಕ್ಷೆ ಯಾವಾಗ ಮುಗಿಯಿತು ಎಂದು ಕೇಳಿದೆ. ಇಪ್ಪತ್ತಮೂರನೇ ತಾರೀಕು ನಡೆಯುತ್ತದಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಗಾದೆಯಲ್ಲಿ ಕೇಳಿದ್ದೆ, ಈಗ ನಾನೇ ಕೂತು ಹೊಲಿಯುತ್ತಿದ್ದೇನೆ.

ಪಟ್ಟಿಯ ಏಳನೇ ಹೆಸರು ನನ್ನ ಓರಗಿತ್ತಿಯದು. ಸೇರಿ ಹನ್ನೊಂದು ತಿಂಗಳು ಅಷ್ಟೇ. ಮೊನ್ನೆ ಅಡುಗೆಮನೆಯಲ್ಲಿ ಒದೆಯುವುದು ಹೇಗೆಂದು ತೋರಿಸಲು ಹೋಗಿ ಗ್ಯಾಸ್ ಸಿಲಿಂಡರಿಗೆ ಹೆಬ್ಬೆರಳು ಬಡಿದುಕೊಂಡು ಕುಂಟುತ್ತಿದ್ದಾಳೆ. ಅತ್ತೆ ತಾವೇ ಕೂತು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ನನ್ನ ಕಾಲನ್ನು ಯಾವತ್ತು ಯಾರು ತಿಕ್ಕಿದರು? ಪಾಪದವಳು, ಪರೀಕ್ಷೆಯ ಭಯಕ್ಕೆ ಊಟ ಬಿಟ್ಟಿದ್ದಾಳೆ. ಬಟ್ಟೆ ಒಣಹಾಕುವಾಗ ಪಕ್ಕಕ್ಕೆ ಬಂದು, "ಅಕ್ಕಾ, ನಾನು ಪಾಸಾಗ್ತೀನಾ?" ಎಂದು ಕೇಳಿದಳು. ಅವಳ ಬೆಲ್ಟು ಆಗಲೇ ನನ್ನ ಅಂಗಡಿಯ ಬೀರುವಿನಲ್ಲಿ ಕೂತಿತ್ತು. ಆಗುತ್ತೀಯ ಬಿಡು ಎಂದೆ. ನಿಜ ಹೇಳುತ್ತೇನೆ, ಅವಳ ಹೆಸರನ್ನು ಬೇಕೆಂದೇ ಅಗ್ಗದ ದಾರದಲ್ಲಿ ಹಾಕಿದ್ದೆ, ಒಂದೇ ಒಗೆತಕ್ಕೆ ಬಣ್ಣ ಬಿಡಲಿ ಎಂದು. ಆಮೇಲೆ ಕೆಟ್ಟ ಹೆಸರು ನನ್ನ ಕೈಗೇ ಬರುತ್ತದಲ್ಲ ಎಂದು ಬಿಚ್ಚಿ ಒಳ್ಳೆಯ ದಾರದಲ್ಲಿ ಮತ್ತೆ ಹಾಕಿದೆ. ಅವಳ ಮೇಲಿನ ಅಕ್ಕರೆಯಿಂದ ಎಂದು ತಿಳಿಯಬೇಡಿ.

ನಿಮ್ಮ ಹತ್ತಿರ ಕಲಿತದ್ದು ಹದಿನಾಲ್ಕು ವರ್ಷ ಅಪ್ಪಾ. ನನ್ನ ಕಂದು ಬೆಲ್ಟು ಮಾಸಿ, ಅದು ಯಾವ ಬಣ್ಣವೆಂದು ನಾನೇ ಹೇಳಬೇಕು. ಕಪ್ಪು ಬೆಲ್ಟಿನ ಪರೀಕ್ಷೆ ಯಾವಾಗ ಎಂದು ಕೇಳಿದಾಗಲೆಲ್ಲ ನೀವು, "ಅವಸರ ಏನಿದೆ, ಮೊದಲು ಬೀಳೋದು ಕಲಿ" ಎನ್ನುತ್ತಿದ್ದಿರಿ. ಮದುವೆಗೆ ಮುಂಚೆ ಬಿದ್ದೆ, ಮಗಳು ಹುಟ್ಟಿದ ಮೇಲೂ ಬಂದು ಬಿದ್ದೆ. ಬೀಳುವುದರಲ್ಲಿ ಈ ಊರಿನಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮೊನ್ನೆ ಬುಧವಾರ ಕೆಲಸ ನೋಡಲು ಬಂದ ಮಾಸ್ಟರ್ ಗೋಡೆಯ ಮೇಲೆ ಕರಾಟೆ ಬಟ್ಟೆ ತೊಟ್ಟ ನಮ್ಮಿಬ್ಬರ ಫೋಟೊ ಕಂಡು, "ನಿಮ್ಮ ಹೆಸರೂ ಒಂದು ಹಾಕ್ಕೊಂಡ್ಬಿಡಿ ಮೇಡಂ. ಪರೀಕ್ಷೆಗೆಲ್ಲ ಬರೋದು ಬೇಡ, ಬೆಲ್ಟು ಕೊಡೋವಾಗ ಸ್ಟೇಜಿಗೆ ಬಂದ್ರೆ ಸಾಕು" ಎಂದ. ಬೈದು ಕಳಿಸಬೇಕಿತ್ತು. ಬೈಯಲಿಲ್ಲ. ಅವನು ಅತ್ತ ಹೋದದ್ದೇ ಒಂದು ಕಪ್ಪು ಬೆಲ್ಟಿಗೆ ನನ್ನ ಹೆಸರು ಹಾಕಿದೆ, ಪರದೆ ಎಳೆದುಕೊಂಡು ಕಟ್ಟಿಕೊಂಡೂ ನೋಡಿದೆ. ಕನ್ನಡಿಯಲ್ಲಿ ಬಹಳ ಚೆನ್ನಾಗಿ ಕಂಡಿತು. ಸ್ಟೇಜು ಹತ್ತಿದರೆ ನಿಮ್ಮ ಮುಖ ಹೇಗೆ ನೋಡಲಿ? ಹತ್ತದಿದ್ದರೆ ಮಾರನೇ ದಿನದಿಂದ ಅವಳ ಕಪ್ಪೂ ನನ್ನ ಕಂದೂ ಒಂದೇ ಹಗ್ಗದ ಮೇಲೆ ಒಣಗಬೇಕು. ಎರಡು ದಿನದಿಂದ ಸೂಜಿಗೆ ದಾರ ಪೋಣಿಸಲೂ ಆಗುತ್ತಿಲ್ಲ.

ಅಕ್ಕ ಭಾವನಿಗೆ ನನ್ನ ನೆನಪು ತಿಳಿಸಿ. ಕಾಲಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ. ನಿಮ್ಮ ಆಶೀರ್ವಾದ ಇರಲಿ.

ನಿಮ್ಮ ಕಿರಿ ಮಗಳು

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇಪ್ಪತ್ತಮೂರಕ್ಕೆ ನಾನು ಸ್ಟೇಜಿಗೆ ಹೋಗುವುದಿಲ್ಲ, ಮೊದಲ ಬಸ್ಸಿಗೆ ಅಕ್ಕನ ಮನೆಗೆ ಬರುತ್ತೇನೆ. ಹದಿನಾಲ್ಕು ವರ್ಷದಲ್ಲಿ ನೀವು ನನ್ನನ್ನು ಕಪ್ಪು ಬೆಲ್ಟಿನ ಪರೀಕ್ಷೆಗೆ ಒಮ್ಮೆಯೂ ನಿಲ್ಲಿಸಲಿಲ್ಲ. ನಿಲ್ಲಿಸಿ ಫೇಲ್ ಮಾಡಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ನೀವು ಕುರ್ಚಿಯ ಮೇಲೆ ಕೂತೇ ನನ್ನ ಪರೀಕ್ಷೆ ಮಾಡಿ. ಫೇಲ್ ಮಾಡುವುದಿದ್ದರೆ ಈ ಸಲ ಕಣ್ಣಾರೆ ನೋಡಿ ಫೇಲ್ ಮಾಡಿ. ಅಂಗಳದ ಹೂಕುಂಡಗಳನ್ನು ಗೋಡೆಗೆ ಸರಿಸಿಡಲು ಅಕ್ಕನಿಗೆ ಹೇಳಿ, ನನಗೆ ಜಾಗ ಬೇಕು.