ಬೆರಳು ಅಗಲಿಸಿ ಇಟ್ಕೊ

ಪ್ರೀತಿಯ ಅಕ್ಕ,

ಮೈಸೂರಿನ ಮನೆಯ ಹಿತ್ತಿಲಲ್ಲಿ ನನ್ನ ಬೆರಳುಗಳಿಗೆ ಗೋರಂಟಿ ಮೆತ್ತಿ, "ಬೆರಳು ಅಗಲಿಸಿ ಇಟ್ಕೊ, ಅಂಟಿಸಿದ್ರೆ ಎಲ್ಲಾ ಕಲಸಿಹೋಗತ್ತೆ" ಅಂತ ಗದರುತ್ತಿದ್ದೆಯಲ್ಲ, ಈಚೆಗೆ ಅದೇ ನೆನಪಾಗುತ್ತದೆ. ಮದುವೆಯಾಗಿ ಕೋಪನ್‌ಹೇಗನ್ನಿಗೆ ಹೋದವಳು, ಊರು ಹೇಗಿದೆ ಅಂದರೆ ಫೋನಿನಲ್ಲಿ ನಗುತ್ತಿದ್ದೆ: "ಕೈ ಇದ್ದ ಹಾಗಿದೆ ಕಣೇ. ಅಂಗೈ ಪಟ್ಟಣ, ಒಂದೊಂದು ಬೆರಳಿಗೂ ಒಂದು ರೈಲು. ನಾನಿರೋದು ಉಂಗುರದ ಬೆರಳಲ್ಲಿ." ನಿನ್ನ ಎಂದಿನ ತಮಾಷೆ ಅಂದುಕೊಂಡೆ.

"ಭಾವ ಆಸ್ಪತ್ರೆ ಡ್ಯೂಟಿಗೆ ಹೋದ್ರೆ ಆ ಚಳೀಲಿ ಒಬ್ಬಳೇ ಏನ್ಮಾಡ್ತೀಯ? ನಾವಿರೋ ಕ್ಯುಪರ್ಟಿನೋಗೆ ಬಂದ್ಬಿಡಿ, ಇಲ್ಲಿ ನಮ್ಮೋರಿದಾರೆ" ಎಂದು ಎಷ್ಟು ಸಲ ಗೋಗರೆದೆ! ನೀನು ಬರಲೇ ಇಲ್ಲ. ನೀನು ತೀರಿಕೊಂಡ ಮೇಲೂ ಒಂದೇ ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು. ಅಕ್ಕ ಅಲ್ಲಿ ಸುಖವಾಗಿದ್ದಳಾ, ಇಲ್ಲಾ...

ಹೋದ ಮೇ ತಿಂಗಳು ಭಾವನನ್ನು ನೋಡಲು ಹೋದೆ. ತಪ್ಪು ರೈಲು ಹತ್ತಿ ಪಕ್ಕದ ಬೆರಳಲ್ಲಿ ಇಳಿದೆ! ವಾಪಸ್ ಪಟ್ಟಣಕ್ಕೆ ಹೋಗಿ ಬೇರೆ ರೈಲು ಹಿಡಿಯಿರಿ ಅಂದರು ಸ್ಟೇಷನ್ನಿನಲ್ಲಿ. ನಕ್ಷೆಯಲ್ಲಿ ನೋಡಿದರೆ ನಿಮ್ಮೂರು ಅಲ್ಲೇ ಮಗ್ಗುಲಲ್ಲಿ. ನಮ್ಮ ಕಡೆ ಸನ್ನಿವೇಲ್ ಎಲ್ಲಿ ಮುಗಿದು ಕ್ಯುಪರ್ಟಿನೋ ಎಲ್ಲಿ ಶುರುವಾಯಿತೆಂದು ಬೋರ್ಡು ನೋಡಿಯೇ ತಿಳಿಯಬೇಕು. ಪಕ್ಕದೂರು ತಾನೇ, ನಾಲ್ಕು ಬೀದಿ ದಾಟಿದರಾಯಿತು ಎಂದು ನಡೆದೇಬಿಟ್ಟೆ.

ನಾಲ್ಕು ಬೀದಿಗೆ ಊರೇ ಮುಗಿದುಹೋಯಿತು ಅಕ್ಕ! ಎದುರಿಗೆ ಕಾಡು. ರಾಜಧಾನಿಯ ಇಷ್ಟು ಹತ್ತಿರ ಕಾಡೆಂದರೆ... ಎಳೆ ಎಲೆಯ ಎತ್ತರದ ಮರಗಳು, ಅಲುಗದ ಕೆರೆ, ನನ್ನನ್ನೇ ನೋಡುತ್ತ ನಿಂತ ಜಿಂಕೆ. ರಾತ್ರಿ ಊಟದ ಹೊತ್ತಾದರೂ ಬೆಳಕು ಹಾಗೇ ಇತ್ತು. ಎರಡು ಬೆರಳುಗಳ ನಡುವೆ ಇಷ್ಟೊಂದು ಜಾಗವನ್ನು ಸುಮ್ಮನೆ ಬಿಟ್ಟ ಆ ಜನ ಎಂಥವರು? ಬಾಯಿ ಬಿಟ್ಟುಕೊಂಡು ನಿಂತೆ. ದೇವಸ್ಥಾನಕ್ಕೆ ಬಂದವಳಂತೆ ಚಪ್ಪಲಿ ಬಿಡಬೇಕೆನಿಸಿತು.

ಕಾಲಿಗೆ ಬೊಬ್ಬೆ ಎದ್ದು ಮನೆ ಸೇರಿದಾಗ ಭಾವ ಗಾಬರಿಯಾದರು. "ಕಾಡು ದಾಟ್ಕೊಂಡು ಬಂದ್ಯಾ? ಅದು ನಿಮ್ಮಕ್ಕನ ಜಾಗ ಕಣಮ್ಮ. ದಿನಾ ಸಂಜೆ ಹೋಗೋಳು. ಮೈಸೂರಿಗೆ ಬಂದಾಗ ಅಲ್ಲಿಂದ ಫೋನ್ ಮಾಡಿದ್ರೂ ಮೊದಲು ಕಾಡು ಹೇಗಿದೆ ಅಂತ ಕೇಳೋಳು, ಆಮೇಲೆ ನಾನು." ಇಬ್ಬರೂ ನಕ್ಕೆವು, ನಗುತ್ತಲೇ ಅತ್ತೆವು. ಅಷ್ಟು ದಿನ ಕೊರೆದ ಪ್ರಶ್ನೆ ಅವತ್ತು ಸುಮ್ಮನಾಯಿತು.

ನಿನಗೆ ಗೊತ್ತಿಲ್ಲದ ಸುದ್ದಿಯೊಂದಿದೆ. ನಮ್ಮ ಮನೆಯ ಹಿಂದಿನ ಏಪ್ರಿಕಾಟ್ ತೋಟ ಕಡಿದು ಮನೆ ಕಟ್ಟುವ ಬಗ್ಗೆ ಸಿಟಿಯವರು ಮೀಟಿಂಗು ಕರೆದಿದ್ದರು. ಮೈಕಿನ ಮುಂದೆ ನಿಂತರೆ ನನಗೆ ಇಂಗ್ಲಿಷೇ ಹೊರಡಲಿಲ್ಲ. ಕೈ ಎತ್ತಿ ಬೆರಳು ಅಗಲಿಸಿ ತೋರಿಸಿದೆ. ಆಮೇಲೆ ಮಾತು ಬಂತು, ಎಲ್ಲಾ ನಿನ್ನ ಕಾಡಿನದೇ. ಮನೆಗಳೇನೋ ಏಳುತ್ತಿವೆ. ಆದರೆ ಹಳ್ಳದ ಪಕ್ಕದ ಎರಡು ಸಾಲು ಮರ ಬಿಟ್ಟಿದ್ದಾರೆ.

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ನಿನ್ನೆ ಸಂಜೆ ಶೂ ಹಾಕಿಕೊಳ್ಳುತ್ತಿದ್ದಳು. ಎಲ್ಲಿಗೆ ಹೊರಟೆ ಅಂದೆ.

"ದೊಡ್ಡಮ್ಮನ ಕಾಡಿಗೆ" ಅಂದಳು.

ನಿನ್ನ ತಂಗಿ